ಕೆಂಪು ತಂತಿ, ನೀಲಿ ತಂತಿ

ನನ್ನ ಅಕ್ಕನ ಗಂಡನನ್ನು ಮನೆಮಂದಿಯೆಲ್ಲ ಜೋಡಿಭಾವ ಎನ್ನುತ್ತೇವೆ. ಅವರ ಚೀಲದಲ್ಲಿ ಕನ್ನಡಕ ಎರಡು, ಬೀಗದ ಕೈ ಎರಡು, ಛತ್ರಿಯೂ ಎರಡು. ಪುಣ್ಯಕ್ಕೆ ತನಗೊಬ್ಬಳಿಗೆ ಬದಲಿ ಇಟ್ಟಿಲ್ಲ ಎಂಬುದು ಅಕ್ಕನ ಹಳೆಯ ಮಾತು. ಆಸ್ಪತ್ರೆಯ ಸರ್ವರ್ ಕೋಣೆ ಭಾವನ ಸುಪರ್ದಿನಲ್ಲಿದೆ. ಅದೇ ಮಹಡಿಯ ದಾಖಲೆ ವಿಭಾಗದಲ್ಲಿ ನಾನಿದ್ದೇನೆ.

ತೀವ್ರ ನಿಗಾ ವಾರ್ಡಿನ ರೋಗಿಗಳ ಎದೆಬಡಿತ ದಾದಿಯರ ಪರದೆಗೆ ತಲುಪುವುದು ಆ ಕೋಣೆಯಲ್ಲಿರುವ, ಸ್ವಿಚ್ ಎಂಬ ಎರಡು ಜಾಲಯಂತ್ರಗಳ ಮೂಲಕ. ಒಂದು ನಿಂತರೆ ಇನ್ನೊಂದು ಹೊರೆ ಹೊರಬೇಕು. ಪ್ರತಿಯೊಂದಕ್ಕೂ ಕೆಂಪು, ನೀಲಿ ಎಂದು ವಿದ್ಯುತ್ತಿನ ಎರಡು ತಂತಿ, ಬೇರೆ ಬೇರೆ ಲೈನಿನಿಂದ. ಹನ್ನೊಂದು ವರ್ಷ ಏನೂ ನಿಂತಿರಲಿಲ್ಲ. ಏನನ್ನೂ ನಿಲ್ಲಿಸಿ ನೋಡಿರಲೂ ಇಲ್ಲ.

ಕಳೆದ ವರ್ಷ ಒಂದು ಬುಧವಾರ ಮಧ್ಯಾಹ್ನ ಮೂರಕ್ಕೆ ರಿಪೇರಿಗಾಗಿ ಹಳೆಯ ಲೈನನ್ನು ಆರಿಸುವುದಾಗಿ ಎಲೆಕ್ಟ್ರಿಷಿಯನ್ ಚೀಟಿ ಕಳಿಸಿದ್ದ. ಭಾವ ಬೆಳಗಿನಿಂದ ಕೂತಲ್ಲಿ ಕೂರಲಿಲ್ಲ. ಚಹಾ ತರಿಸಿ ಕುಡಿಯಲು ಮರೆತರು, ಹಾಕಿದ ಬಾಗಿಲನ್ನೇ ಮತ್ತೆ ಎಳೆದು ನೋಡಿದರು. ಹನ್ನೊಂದೂವರೆಗೆ ನೆಲದ ಹಲಗೆ ಎತ್ತಿ ಟಾರ್ಚ್ ಹಿಡಿದು ಮಂಡಿಯೂರಿದರು. ನಾಲ್ಕು ತಂತಿಗಳೂ ಹಳೆಯ ಲೈನಿನ ಒಂದೇ ಪೆಟ್ಟಿಗೆಗೆ ಹೋಗಿದ್ದವು. ಉದ್ಘಾಟನೆಯ ದಿನ ಎರಡನೆಯ ಲೈನು ಬಂದಿರಲಿಲ್ಲ. ಸದ್ಯಕ್ಕಿರಲಿ ಎಂದು ಅವರೇ ಸಿಕ್ಕಿಸಿದ್ದರು. ಆಮೇಲೆ ಲೈನು ಬಂತು, ತಂತಿ ಅಲ್ಲೇ ಉಳಿಯಿತು.

ಸದ್ದಿಲ್ಲದೆ ಬದಲಿಸಿಬಿಡಿ, ಯಾರಿಗೂ ತಿಳಿಯುವುದಿಲ್ಲ ಎಂದೆ. ಹೇಳಲು ಈಗ ನಾಚಿಕೆಯಾಗುತ್ತದೆ.

“ಒಂದು ಕಿತ್ರೆ ಇನ್ನೊಂದು ತಡ್ಕೊಳ್ಳುತ್ತೋ ಇಲ್ವೋ ನಾನೇ ನೋಡಿಲ್ವಲ್ಲಪ್ಪ,” ಎಂದರು.

ವಾರ್ಡಿಗೆ ತಿಳಿಸಿದರೆ ಇಷ್ಟು ವರ್ಷದ ಹೆಸರು ಹೋಗುತ್ತಿತ್ತು. ತಿಳಿಸದಿದ್ದರೆ, ಪರದೆ ಕಪ್ಪಾದಾಗ ಹಾಸಿಗೆಗಳ ಬಳಿ ಯಾರೂ ಇರುತ್ತಿರಲಿಲ್ಲ. ಮೆಟ್ಟಿಲವರೆಗೆ ಎರಡು ಸಲ ಹೋಗಿ ಹಿಂದಿರುಗಿದರು. ಮೂರನೆಯ ಸಲ ಹತ್ತಿಯೇಬಿಟ್ಟರು. ನಾನು ಹಿಂದೆ ಹೋದೆ.

ಹಿರಿಯ ದಾದಿ ಪೂರ್ತಿ ಕೇಳಿಸಿಕೊಂಡರು. “ಇಷ್ಟು ವರ್ಷ ನಮ್ಮನ್ನ ಒಂದೇ ಎಳೇಲಿ ನೇತುಹಾಕಿದ್ರಾ, ಜೋಡಿ ಸಾಹೇಬ್ರೇ?” ಎಂದಷ್ಟೇ ಅಂದು, ಊಟಕ್ಕೆ ಹೊರಟಿದ್ದವರನ್ನೂ ಕರೆದು ಹಾಸಿಗೆಗೊಬ್ಬರಂತೆ ನಿಲ್ಲಿಸಿದರು.

ಕೋಣೆಗೆ ಮರಳಿದ ಭಾವ ಮೊದಲ ಸ್ವಿಚ್ಚಿನ ಕೆಂಪು ತಂತಿ ಕಿತ್ತು ಹೊಸ ಲೈನಿಗೆ ಹಾಕಿದರು. ಸ್ವಿಚ್ಚು ಆರಲಿಲ್ಲ. ಎರಡನೆಯದರ ಕೆಂಪು ಕಿತ್ತೊಡನೆ ಅದರ ದೀಪಗಳೆಲ್ಲ ಆರಿದವು. ನೀಲಿ ತಂತಿಯಿಂದ ವಿದ್ಯುತ್ ಪಡೆಯುವ ಅದರ ಭಾಗ ಎಂದೋ ಸತ್ತಿತ್ತು. ಗೋಡೆಗೆ ಮುಖ ಮಾಡಿದ್ದ ಅದರ ಎಚ್ಚರಿಕೆ ದೀಪವನ್ನು ಯಾರೂ ನೋಡಿರಲಿಲ್ಲ. ಭಾವನ ಕೈಯಲ್ಲಿ ತಂತಿ ಹಾಗೆಯೇ ಉಳಿಯಿತು. ಫೋನು ಬಡಿದುಕೊಂಡಿತು. ಅವರು ಎತ್ತಲಿಲ್ಲ, ನಾನೇ ಎತ್ತಿದೆ.

“ಎಷ್ಟೊತ್ತು ನಿಲ್ಲಿಸ್ತೀರಿ ನಮ್ಮನ್ನ?” ಹಿರಿಯ ದಾದಿಯ ದನಿ. “ಪರದೆ ಚೆನ್ನಾಗೇ ಇದೆ. ಶುರು ಮಾಡೋದು ಯಾವಾಗ?”

ಮೊದಲ ಸ್ವಿಚ್ಚು ಎರಡರ ಹೊರೆಯನ್ನೂ ಹೊತ್ತಿತ್ತು. ಭಾವ ಕೈಯಲ್ಲಿದ್ದ ತಂತಿಯನ್ನು ಹೊಸ ಲೈನಿಗೆ ಸಿಕ್ಕಿಸಿದರು. ಮೂರಕ್ಕೆ ಹಳೆಯ ಲೈನು ಹೋಯಿತು, ವಾರ್ಡಿಗೆ ಗೊತ್ತಾಗಲಿಲ್ಲ.

ದೋಷಗಳ ಪುಸ್ತಕದಲ್ಲಿ ಅವರು ತಪ್ಪಿನ ತಾರೀಖು ಬರೆದರು, ಹನ್ನೊಂದು ವರ್ಷ ಹಿಂದಿನದು, ತಮ್ಮ ಸಹಿ ಸಹಿತ. ಈಗ ಪ್ರತಿ ತಿಂಗಳ ಮೊದಲ ಸೋಮವಾರ ಮಹಡಿ ಹತ್ತಿ ದಾದಿಗೆ ಹೇಳಿಬಂದು, ಒಂದು ತಂತಿಯನ್ನು ತಾವೇ ಕೀಳುತ್ತಾರೆ. ಹಿಂದಿನ ದಿನ ಮನೆಯಲ್ಲಿ ಅವರಿಗೆ ಊಟ ಸೇರುವುದಿಲ್ಲವಂತೆ.