ಇಂಟರ್ವಲ್ ಆದಮೇಲೆ ಹಾಲಮ್ಮ

ಶಿವಮೊಗ್ಗದ ಹೊಸಮನೆ ಬಡಾವಣೆಯ ಹಾಲಮ್ಮ ಒಂದು ಸಿನಿಮಾ ನೋಡಿ ಬಂದಳೆಂದರೆ, ಆ ಬೀದಿಯ ಹೆಂಗಸರು ಅದಕ್ಕೆ ಹೋಗಬೇಕೋ ಬೇಡವೋ ಎನ್ನುವುದು ಇತ್ಯರ್ಥವಾದ ಹಾಗೆಯೇ. ಮರುದಿನ ಬೆಳಿಗ್ಗೆ ಅವಳು ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುವಾಗ ಎದುರುಮನೆಯ ಹೂವಮ್ಮ ಗೇಟಿಗೆ ಒರಗಿಕೊಂಡು ಕೇಳುತ್ತಿದ್ದಳು.

"ಹೆಂಗಿತ್ತು ಹಾಲಕ್ಕ? ನಾಳೆ ನಾವೂ ಹೋಗೋಣಾಂತ."

"ಹೋಗು. ಇಂಟರ್ವಲ್‌ವರೆಗೂ ಬಹಳ ಚೆನ್ನಾಗಿದೆ."

"ಆಮೇಲೆ?"

"ಆಮೇಲೂ ಅದೇ ಹಿಟ್ಟು ಮಾರಾಯ್ತಿ, ಹಂಚು ಕಾದಿಲ್ಲ ಅಷ್ಟೆ. ಗಂಡ ಸತ್ತೋಳು ಲಾರಿ ಕಲೀತಾಳೆ. ಆ ಹುಡುಗಿ ಸ್ಟೇರಿಂಗ್ ಹಿಡ್ಯೋದು ನೋಡಿದ್ರೆ ನನ್ನ ಕೈ ಬೆವರ್ತು. ಇಂಟರ್ವಲ್ ಆಯ್ತು, ಹೀರೋ ಬಂದ, ಅವಳನ್ನ ಪಕ್ಕಕ್ಕೆ ಕೂರಿಸ್ಕೊಂಡು ತಾನೇ ಓಡಿಸ್ದ. ಕೊನೆಗೆ ಮದ್ವೆ. ಲಾರಿ ಎಲ್ಲಿ ಹೋಯ್ತು ಅಂತ ಒಬ್ರೂ ಕೇಳ್ಲಿಲ್ಲ."

ಹಾಲಮ್ಮನ ಅಭಿಪ್ರಾಯಗಳೆಲ್ಲ ಹೀಗೆಯೇ ಇರುತ್ತಿದ್ದವು. ಪೂರ್ತಿ ಚೆನ್ನಾಗಿದ್ದ ಸಿನಿಮಾದ ಬಗ್ಗೆ ಅವಳು ಹೆಚ್ಚು ಮಾತಾಡುತ್ತಿರಲಿಲ್ಲ. ಪೂರ್ತಿ ಕೆಟ್ಟದ್ದನ್ನು ಮನೆಗೆ ಬರುವಷ್ಟರಲ್ಲಿ ಮರೆತಿರುತ್ತಿದ್ದಳು. ಒಳ್ಳೆಯದಾಗಬಹುದಾಗಿದ್ದು ಆಗದೆ ಹೋದವು ಮಾತ್ರ ಅವಳನ್ನು ಬಿಡುತ್ತಿರಲಿಲ್ಲ. ಅಕ್ಕಿ ಆರಿಸುವಾಗ, ಬತ್ತಿ ಹೊಸೆಯುವಾಗ, ಆ ಕಥೆ ಎಲ್ಲಿ ದಾರಿ ತಪ್ಪಿತು ಎಂದು ಹುಡುಕುತ್ತಿದ್ದಳು.

ಈ ಅಭ್ಯಾಸ ಹತ್ತಿದ್ದು ಅತ್ತೆಯಿಂದ. ಹಾಲಮ್ಮ ಮದುವೆಯಾಗಿ ಬಂದಾಗ ಅವಳ ಅತ್ತೆಗೆ ಕಣ್ಣಿಗೆ ಪೊರೆ ಬರುತ್ತಿತ್ತು. ಸಿನಿಮಾದ ಹುಚ್ಚು ಮಾತ್ರ ಕಡಿಮೆಯಾಗಿರಲಿಲ್ಲ. ಕತ್ತಲಲ್ಲಿ ಕೈ ಹಿಡಿದು ಕೂರಿಸಲು, ಪರದೆಯ ಮೇಲೆ ಯಾರು ಬಂದರು, ಯಾರು ಅತ್ತರು ಎಂದು ಕಿವಿಯಲ್ಲಿ ಹೇಳಲು ಸೊಸೆ ಬೇಕಿತ್ತು. ಹೊರಗೆ ಬಂದಮೇಲೆ ಮುದುಕಿ, "ಹೆಂಗಿತ್ತೇ?" ಎಂದು ಕೇಳುತ್ತಿದ್ದಳು. ಆ ಮನೆಯಲ್ಲಿ ಹಾಲಮ್ಮನನ್ನು ಯಾರಾದರೂ ಹೇಗಿತ್ತು ಎಂದು ಕೇಳಿದ್ದು ಅದೇ ಮೊದಲು.

ಮುಂದೆಯೂ ಬೇರೆ ಯಾವುದರ ಬಗ್ಗೆಯೂ ಯಾರೂ ಕೇಳಲಿಲ್ಲ. ಗಂಡ ಗಂಗಾಧರಪ್ಪನಿಗೆ ಗಾಂಧಿ ಬಜಾರಿನಲ್ಲಿ ಪಾತ್ರೆ ಅಂಗಡಿ. ಕೆಟ್ಟ ಮನುಷ್ಯನಲ್ಲ. ಆದರೆ ಅಂಗಡಿಯ ವಿಷಯವಾಗಲಿ, ಮಗಳ ಮದುವೆಯ ವಿಷಯವಾಗಲಿ ಹಾಲಮ್ಮ ಬಾಯಿ ತೆರೆದರೆ, "ನಿಂಗೇನ್ ಗೊತ್ತಾಗುತ್ತೆ, ಸುಮ್ನಿರು ಮಾರಾಯ್ತಿ" ಎಂದು ನಗುತ್ತಲೇ ಮುಗಿಸುತ್ತಿದ್ದ. ಸಿನಿಮಾದ ಬಗ್ಗೆ ಏನು ಹೇಳಿದರೂ ಯಾರ ಮನೆಯದೂ ಏನೂ ಹೋಗುವಂತಿರಲಿಲ್ಲ. ಹಾಗಾಗಿ ಅಲ್ಲಿ ಅವಳು ಕಂಡದ್ದನ್ನು ಕಂಡಂತೆ ಹೇಳಿದಳು. ಬೆಳಿಗ್ಗೆ ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಕೂರುವ ಹೆಂಗಸು, ಸುಳ್ಳು ಹೇಳುವುದಿಲ್ಲ ಎಂಬ ಹೆಸರು ತಾನಾಗಿ ಬಂತು. ಒಮ್ಮೆ ಥಿಯೇಟರ್ ಬಾಗಿಲಲ್ಲಿ ಮೈಕ್ ಹಿಡಿದು ನಿಂತವರ ಮುಂದೆ ಅವಳು ಆಡಿದ ನಾಲ್ಕು ಮಾತು ಊರವರ ಫೋನುಗಳಲ್ಲೆಲ್ಲ ಓಡಾಡಿತು. ಅಂದಿನಿಂದ ಅವಳು ಭದ್ರಾವತಿಯ ಬೀಗರ ಮನೆಯಲ್ಲೂ "ಸಿನಿಮಾ ಅತ್ತೆ" ಆದಳು.

ಆ ಮನೆಯ ಕಿರಿಯ ಮಗ ಮಧು ಅವಳ ಅಳಿಯ. ಮದುವೆ ಮುಂಜಿಗಳ ವಿಡಿಯೋ ತೆಗೆಯುತ್ತಿದ್ದವನು ಈಗ ಒಂದು ಸಿನಿಮಾ ಮಾಡಿ ಮುಗಿಸಿದ್ದ. ಬಿಡುಗಡೆಗೆ ಮುಂಚೆ ಮನೆಯವರಿಗೆಲ್ಲ ತೋರಿಸಬೇಕೆಂದು ಒಂದು ಭಾನುವಾರ ಅತ್ತೆಯನ್ನೂ ಕರೆಸಿದ.

ಹಾಲಮ್ಮ ಹೋಗಿ ಕಾಲು ತೊಳೆದು ಅಡುಗೆಮನೆಗೆ ಕಾಲಿಟ್ಟಳೋ ಇಲ್ಲವೋ, ಮಗಳು ಕವನಾ ಬಾಗಿಲು ಮುಂದೆ ಮಾಡಿ ಹತ್ತಿರ ಬಂದಳು.

"ಅಮ್ಮ, ಒಂದು ಮಾತು. ಮುಗಿದಮೇಲೆ ಚೆನ್ನಾಗಿದೆ ಅಂದ್ಬಿಡು. ನಿನ್ನ ಹಂಚು, ಹಿಟ್ಟು ಎಲ್ಲಾ ಇಲ್ಲಿ ಬೇಡ."

"ಯಾಕೆ, ಚೆನ್ನಾಗಿಲ್ವಾ?"

"ನಾನೇನೂ ಹೇಳಲ್ಲ. ಭಾವ ಅದರಲ್ಲಿ ಆಕ್ಟ್ ಮಾಡಿದಾರೆ. ಅವ್ರಿಗೆ ಬೇಜಾರಾದ್ರೆ ತನುಜಕ್ಕನಿಗೆ ಬೇಜಾರು, ತನುಜಕ್ಕನಿಗೆ ಬೇಜಾರಾದ್ರೆ ಈ ಅಡುಗೆಮನೇಲಿ ನನಗೆ ಉಸಿರಾಡಕ್ಕಾಗಲ್ಲ. ನೀನು ಸಂಜೆ ಬಸ್ ಹತ್ತಿ ಹೋಗ್ತೀಯ. ನಾನಿಲ್ಲಿ ಇರ್ಬೇಕು."

ಭಾವ ಎಂದರೆ ಮಧುವಿನ ಅಣ್ಣ ಪ್ರಸನ್ನಕುಮಾರ್. ತಂದೆ ತೀರಿಕೊಂಡಾಗ ಕಾಲೇಜು ಬಿಟ್ಟು ಮನೆ ಎತ್ತಿ ಹಿಡಿದವನು. ತನುಜಾ ಅವನ ಹೆಂಡತಿ.

ಎಲ್ಲರೂ ನಡುಮನೆಯಲ್ಲಿ ದೊಡ್ಡ ಟಿವಿಯ ಮುಂದೆ ಕುಳಿತರು. ಕಥೆ ಶುರುವಾಯಿತು. ಕಾರ್ಖಾನೆಯಲ್ಲಿ ಸೈರನ್ ಹಾಕುವುದೇ ಕೆಲಸವಾಗಿದ್ದ ಒಬ್ಬ ಮನುಷ್ಯ. ಕಾರ್ಖಾನೆ ನಿಂತಿದೆ, ಕ್ವಾರ್ಟರ್ಸಿನ ಗೋಡೆಗಳ ಮೇಲೆ ಗಿಡ ಬೆಳೆದಿದೆ. ಆದರೂ ಶಿಫ್ಟಿನ ಹೊತ್ತಿಗೆ ಅವನು ಮನೆಯ ತಾರಸಿ ಹತ್ತಿ ನಿಲ್ಲುತ್ತಾನೆ. ಕೆಳಗೆ ಹೆಂಡತಿ ಅವನ ಹೆಜ್ಜೆ ಸದ್ದು ಕೇಳಿ ಅನ್ನಕ್ಕಿಡುತ್ತಾಳೆ. ಗಡಿಯಾರ ನೋಡುವುದಿಲ್ಲ. ಒಂದು ದಿನ ಅವನಿಗೆ ಜ್ವರ ಬಂದು ಮೇಲೆ ಹೋಗುವುದಿಲ್ಲ, ಅವಳು ಹೊತ್ತೇ ತಿಳಿಯದೆ ಒಲೆಯ ಮುಂದೆ ಸುಮ್ಮನೆ ನಿಂತುಬಿಡುತ್ತಾಳೆ. ಹಾಲಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಅಳಿಯನ ಕಡೆ ತಿರುಗಿ ನೋಡಿದಳು. ಈ ಹುಡುಗನ ಒಳಗೆ ಇಷ್ಟೆಲ್ಲ ಇದೆ ಎಂದು ಅವಳಿಗೆ ಗೊತ್ತೇ ಇರಲಿಲ್ಲ.

ಅಷ್ಟರಲ್ಲಿ ಒಂದು ಜೀಪು ಧೂಳೆಬ್ಬಿಸಿಕೊಂಡು ಬಂತು. ಅದರಿಂದ ಇನ್ಸ್‌ಪೆಕ್ಟರ್ ವೇಷದ ಪ್ರಸನ್ನಕುಮಾರ್ ಇಳಿದ. ಅಲ್ಲಿಂದ ಮುಂದೆ ಮರಳು ಕದಿಯುವವರು, ಹೊಡೆದಾಟ, ಗುಡ್ಡದ ಮೇಲೆ ಒಂದು ಹಾಡು. ಸೈರನ್ನಿನವನು ಯಾವುದೋ ಮೂಲೆಯಲ್ಲಿ ಕಾಣಿಸಿ ಮಾಯವಾಗುತ್ತಿದ್ದ. ಪ್ರಸನ್ನಕುಮಾರ್ ಬಾಯೊಳಗೇ ತನ್ನ ಡೈಲಾಗುಗಳನ್ನು ಹೇಳಿಕೊಳ್ಳುತ್ತ ಮುಂದಕ್ಕೆ ಬಾಗಿ ನೋಡುತ್ತಿದ್ದ.

ಮುಗಿದಾಗ ಎಲ್ಲರ ಕಣ್ಣೂ ಹಾಲಮ್ಮನ ಮೇಲೆ.

"ಹೇಳಿ ಅತ್ತೆ," ಎಂದ ಮಧು.

ಅವಳು ಹೇಳಿದಳು. ತಾರಸಿಯ ಬಗ್ಗೆ, ಹೆಜ್ಜೆ ಸದ್ದಿನ ಬಗ್ಗೆ, ಒಲೆಯ ಮುಂದೆ ನಿಂತ ಹೆಂಗಸಿನ ಬಗ್ಗೆ. ಒಂದೊಂದನ್ನೂ ಬಿಡಿಸಿ, ಸಮಾಧಾನವಾಗಿ ಹೇಳಿದಳು. ಹೇಳಬಹುದಾದ್ದೆಲ್ಲ ಮುಗಿದಮೇಲೆ ನಿಲ್ಲಿಸಿದಳು.

"ಸೆಕೆಂಡ್ ಹಾಫ್ ಅತ್ತೆ?" ಪ್ರಸನ್ನಕುಮಾರ್ ಕೇಳಿದ.

ಅಡುಗೆಮನೆ ಬಾಗಿಲಲ್ಲಿ ಕವನಾ ಅವಲಕ್ಕಿ ತಟ್ಟೆ ಹಿಡಿದು ನಿಂತಿದ್ದಳು.

"ಯೂನಿಫಾರ್ಮು ನಿಮಗೆ ಬಹಳ ಒಪ್ಪುತ್ತೆ," ಎಂದಳು ಹಾಲಮ್ಮ.

"ಅದನ್ನೇ ನಾನೂ ಹೇಳಿದ್ದು. ಮನೇಲೂ ಬಿಚ್ತಿರ್ಲಿಲ್ಲ, ಅದರಲ್ಲೇ ಹಾಲು ತರಕ್ಕೆ ಹೋಗಿದ್ರು. ಹಾಲಿನೋರು ಹೆದರಿ ಒಂದು ಪ್ಯಾಕೆಟ್ ಜಾಸ್ತಿ ಕೊಟ್ರು," ಎಂದಳು ತನುಜಾ. ಎಲ್ಲರೂ ನಕ್ಕರು. ಪ್ರಸನ್ನಕುಮಾರ್ ಎಲ್ಲರಿಗಿಂತ ಜೋರಾಗಿ ನಕ್ಕ. ಮಧು ಮಾತ್ರ ರಿಮೋಟ್ ಕೈಯಲ್ಲಿ ತಿರುಗಿಸುತ್ತ ಕುಳಿತಿದ್ದ.

ಸಂಜೆ ಮಧು ಅತ್ತೆಯನ್ನು ಬಸ್ಸಿಗೆ ಕಳಿಸದೆ ತಾನೇ ಬೈಕಿನಲ್ಲಿ ಬಿಡುತ್ತೇನೆಂದು ಹೊರಟ. ಮಲವಗೊಪ್ಪದ ಹತ್ತಿರ ಕಬ್ಬಿನ ಹಾಲಿನ ಗಾಡಿ ಕಂಡು ನಿಲ್ಲಿಸಿದ. ಲೋಟ ಕೈಗೆ ಕೊಟ್ಟು, "ಅತ್ತೆ, ನೀವು ಅಲ್ಲೇ ಹೇಳ್ತೀರ ಅಂದ್ಕೊಂಡಿದ್ದೆ," ಎಂದ.

ಅಳಿಯನ ಎದುರು ನಿಂತು ಬಿಚ್ಚಿ ಮಾತಾಡಿ ಹಾಲಮ್ಮನಿಗೆ ಅಭ್ಯಾಸವಿರಲಿಲ್ಲ. ಲೋಟ ನೋಡುತ್ತ ಕೇಳಿದಳು. "ಏನನ್ನ ಹೇಳ್ಬೇಕಿತ್ತು?"

"ಜೀಪ್ ಬಂದಮೇಲೆ ನನ್ನ ಸಿನಿಮಾ ಸತ್ತೋಯ್ತು ಅಂತ. ನನಗೆ ಗೊತ್ತಿಲ್ವಾ? ಅದು ನಾನು ಬರೆದಿದ್ದಲ್ಲ. ಅಣ್ಣನಿಗೂ ಒಂದು ಪಾರ್ಟ್ ಇರ್ಲಿ ಅಂದ್ರು ಅಮ್ಮ. ನಾನು ಬೇಡ ಅಂದೆ. ಹೋಗಿ ವೀರಭದ್ರ ಸ್ವಾಮಿ ಹತ್ರ ಹೂ ಕೇಳ್ಬಿಟ್ರು. ಬಲಕ್ಕೆ ಬಿತ್ತು, ದೇವ್ರು ಒಪ್ಪಿದ ಹಾಗೆ. ಆಮೇಲೆ ನಾನು ಬಾಯಿ ಬಿಡೋ ಹಾಗಿಲ್ಲ. ಈಗ್ಲೂ ಟೈಮಿದೆ, ಅಷ್ಟೂ ಕತ್ತರಿಸಿ ಸಣ್ಣ ಸಿನಿಮಾ ಮಾಡಿ ಬಿಡಬಹುದು. ಆದ್ರೆ ಅಮ್ಮನ ಮುಂದೆ ನಿಲ್ಲೋ ಮಾತು ನಿಮ್ಮದೊಂದೇ. ಅದಕ್ಕೇ ಕರ್ಸಿದ್ದು."

ಹಾಲಮ್ಮ ಕಬ್ಬಿನ ಹಾಲು ಕುಡಿಯಲಾರದೆ ಲೋಟವನ್ನು ಗಾಡಿಯ ಮೇಲಿಟ್ಟಳು. ಮಗಳು ಸುಮ್ಮನಿರು ಎಂದು ಕೈ ಹಿಡಿದಿದ್ದಳು. ಅಳಿಯ ಮಾತಾಡಲೆಂದೇ ಕರೆಸಿದ್ದ. ಇಬ್ಬರೂ ಒಂದೇ ಕೋಣೆಯಲ್ಲಿ ಮಲಗಿ ಏಳುವವರು, ಒಬ್ಬರಿಗೊಬ್ಬರು ಇದನ್ನು ಹೇಳಿಕೊಂಡಿರಲಿಲ್ಲ.

ಅಮಾವಾಸ್ಯೆಗೆ ಅವಳು ಮತ್ತೆ ಭದ್ರಾವತಿಗೆ ಹೋದಳು. ಬೀಗಿತಿ ಶಂಕರಮ್ಮನ ಜೊತೆ ವೀರಭದ್ರ ಸ್ವಾಮಿ ದೇವಸ್ಥಾನಕ್ಕೆ ಹೋಗಿ, ಮಂಗಳಾರತಿ ಆದಮೇಲೆ ಜಗಲಿಯ ಕಂಬದ ಬುಡದಲ್ಲಿ ಇಬ್ಬರೂ ಕುಳಿತರು. ಒಳಗೆ ಪೂಜಾರಿ ನೀರು ಹಾಕಿ ನೆಲ ತೊಳೆಯುತ್ತಿದ್ದರು.

"ಅಕ್ಕ, ಹೂ ಕೇಳ್ವಾಗ ಏನಂತ ಕೇಳಿದ್ರಿ?"

ಶಂಕರಮ್ಮ ಎಲೆಯ ಮೇಲಿದ್ದ ಕಾಯಿ ಚೂರನ್ನು ಎರಡು ಮಾಡಿ ಒಂದನ್ನು ಹಾಲಮ್ಮನಿಗೆ ಕೊಟ್ಟಳು.

"ಈ ಕೆಲಸದಲ್ಲಿ ನನ್ನ ಮಕ್ಕಳು ಇಬ್ರೂ ಜೊತೇಲಿರ್ಲಾ ತಂದೆ, ಅಂತ ಕೇಳ್ದೆ. ಮಾತು ಮುಗಿಯೋದ್ರೊಳಗೆ ಬಲಗಡೆಯಿಂದ ಕೊಟ್ಟ."

"ಜೊತೇಲಿ ಇರೋದು ಅಂದ್ರೆ ವೇಷ ಹಾಕ್ಕೊಂಡೇ ಇರ್ಬೇಕು ಅಂತೇನಿಲ್ವಲ್ಲ ಅಕ್ಕ."

"ದೊಡ್ಡೋನಿಗೆ ಬಂದು ಹೇಳಿಯಾಗಿದೆ. ದೇವ್ರೇ ನಿನಗೆ ಕೊಟ್ಟಿದಾನೆ ಅಂದೆ. ಈಗ ದೇವ್ರು ಕೊಟ್ಟಿದ್ದನ್ನ ನಿನ್ನ ತಮ್ಮ ಕಿತ್ಕೊತಾನೆ ಅಂತ ಹೇಳ್ಲಾ?" ಶಂಕರಮ್ಮ ದನಿ ತಗ್ಗಿಸಿದಳು. "ನನಗೆ ಕಾಣಲ್ಲ ಅಂದ್ಕೊಂಡ್ಯಾ ಹಾಲಮ್ಮ. ಜೀಪ್ ಬಂದಮೇಲೆ ಕಥೆ ಎತ್ಲಾಗೋ ಹೋಯ್ತು. ಅಲ್ಲಿಂದ ನಾನು ಟಿವಿ ನೋಡ್ಲೇ ಇಲ್ಲ. ಅವನ ಮುಖ ನೋಡ್ತಾ ಕೂತೆ. ಅವರಪ್ಪ ಹೋದಮೇಲೆ ಅವನು ಅಷ್ಟು ಹಗುರಾಗಿ ಕೂತಿದ್ದನ್ನ ನಾನು ಕಂಡಿಲ್ಲ."

"ಇನ್ನೊಂದ್ಸಲ ಕೇಳಿದ್ರೆ?"

"ಕೊಟ್ಟ ಪ್ರಸಾದ ಸಾಲ್ದು ಅಂದಹಾಗಾಗುತ್ತೆ. ನೀನಾಗಿದ್ರೆ ಕೇಳ್ತಿದ್ಯಾ?"

ಹಾಲಮ್ಮ ಇಲ್ಲವೆಂದು ತಲೆಯಾಡಿಸಿದಳು. ಕೇಳುತ್ತಿರಲಿಲ್ಲ. ಬೇರೆ ಯಾರಾದರೂ ಹಾಗೆ ಎರಡನೇ ಸಲ ಕೇಳಹೊರಟಿದ್ದರೆ ಅವಳೇ ತಡೆಯುತ್ತಿದ್ದಳು. ಅಡ್ಡ ನಿಂತದ್ದು ಬೀಗರ ಮನೆಯ ಹಟವಾಗಿದ್ದರೆ ಹೇಗಾದರೂ ಸುತ್ತಿ ಬರುತ್ತಿದ್ದಳೇನೋ. ಇದು ಅವಳು ದಿನಾ ಬೆಳಿಗ್ಗೆ ಕಣ್ಣು ಮುಚ್ಚಿ ಕೈ ಮುಗಿಯುವ ನಂಬಿಕೆಯೇ. ಅದನ್ನು ತಳ್ಳಿ ಆಚೆ ಹೋಗಲು ಅವಳಿಗೆ ಕೈ ಬರಲಿಲ್ಲ. ಕಾಯಿ ಚೂರನ್ನು ಬಾಯಿಗೆ ಹಾಕಿಕೊಂಡು ನಿಧಾನವಾಗಿ ಅಗಿದಳು. ಮಧು ಫೋನ್ ಮಾಡಿದಾಗ, "ಆಗ್ಲಿಲ್ಲ," ಎಂದಷ್ಟೇ ಹೇಳಿದಳು. ಅವನು ಆಯ್ತು ಎಂದ.

ಸಿನಿಮಾ ಒಂದು ಶುಕ್ರವಾರ ಶಿವಮೊಗ್ಗದಲ್ಲಿ ಬಿಡುಗಡೆಯಾಯಿತು, ಜೀಪು, ಗುಡ್ಡದ ಹಾಡು ಎಲ್ಲ ಸಮೇತ. ಮೊದಲ ಆಟಕ್ಕೆ ಎರಡೂ ಮನೆಯವರು, ಹೊಸಮನೆಯ ಹೆಂಗಸರು, ಭದ್ರಾವತಿ ಕಾರ್ಖಾನೆಯ ಕ್ವಾರ್ಟರ್ಸಿನ ಹಳಬರು. ಇಂಟರ್ವಲ್‌ಗೆ ಮುಂಚೆ ತಾರಸಿಯ ದೃಶ್ಯ ಬಂದಾಗ ಹಿಂದಿನ ಸಾಲಿನಲ್ಲಿ ಆ ಹಳಬರಲ್ಲೇ ಒಬ್ಬ ಮುದುಕರು ತಮಿಳಿನಲ್ಲಿ ಏನೋ ಅಂದು ಬಿಕ್ಕಿದರು. ಜೀಪು ಬಂದಮೇಲೆ ಕುರ್ಚಿಗಳು ಕಿರುಗುಟ್ಟತೊಡಗಿದವು. ಒಬ್ಬೊಬ್ಬರಾಗಿ ಫೋನಿನ ಬೆಳಕು ಹಿಡಿದು ಎದ್ದು ಹೋದರು. ಮುದುಕರೂ ಹೋದರು. ಹಾಲಮ್ಮನ ಪಕ್ಕದಲ್ಲಿ ಹೂವಮ್ಮ ಆಕಳಿಸಿ ಅವಳ ಮೊಣಕೈ ತಿವಿದಳು. ಹಾಲಮ್ಮ ತಿರುಗಲಿಲ್ಲ.

ಹೊರಬಾಗಿಲಲ್ಲಿ ಮೈಕ್ ಹಿಡಿದ ಒಬ್ಬ ಹುಡುಗಿ ಅವಳನ್ನು ನೋಡಿದವಳೇ ಗುರುತು ಹಿಡಿದಳು.

"ಅಮ್ಮ, ನೀವು ಬಂದಿದ್ದೀರ. ನಿಮ್ಮ ರಿವ್ಯೂಗೇ ಕಾಯ್ತಿದ್ವಿ. ಹೇಗಿದೆ ಸಿನಿಮಾ?"

ಹಿಂದೆ ಪೋಸ್ಟರ್ ಅಂಟಿಸಿದ ಗೋಡೆ, ಮುಂದೆ ಕ್ಯಾಮೆರಾ. ಎಡಗಡೆ ಕವನಾ ಅವಳ ಕೈ ಹಿಡಿದಿದ್ದಳು, ಕವನಾಳ ಭುಜದ ಮೇಲೆ ತನುಜಾಳ ಕೈ. ಪ್ರಸನ್ನಕುಮಾರ್ ಇಸ್ತ್ರಿ ಮಾಡಿದ ಬಿಳಿ ಶರ್ಟಿನಲ್ಲಿ ಎದುರಿಗೆ ನಿಂತಿದ್ದ. ಅವನ ಮುಖದಲ್ಲಿ ಶಂಕರಮ್ಮ ಹೇಳಿದ ಆ ಹಗುರು ಇನ್ನೂ ಪೂರ್ತಿ ಹೋಗಿರಲಿಲ್ಲ, ಹೋಗಲು ಕಾಯುತ್ತಿತ್ತು. ಆಚೆ ಪಾರ್ಕಿಂಗ್ ಹತ್ತಿರ ಮಧು ಒಬ್ಬನೇ ನಿಂತು ಇತ್ತ ನೋಡುತ್ತಿದ್ದ.

ಹಾಲಮ್ಮ ತಾರಸಿಯಿಂದ ಶುರುಮಾಡಿದಳು. ಹುಡುಗಿ ಮಧ್ಯದಲ್ಲೇ, "ಒಟ್ಟಾರೆ ಹೇಳಿ ಅಮ್ಮ, ಒಟ್ಟಾರೆ," ಎಂದಳು.

"ಚೆನ್ನಾಗಿದೆ," ಎಂದಳು ಹಾಲಮ್ಮ. "ಎಲ್ಲಾರೂ ಬಂದು ನೋಡಿ."

ಹೂವಮ್ಮ ಅವಳನ್ನೇ ಒಂದು ಗಳಿಗೆ ನೋಡಿ, ಚಪ್ಪಲಿಯ ಪಟ್ಟಿ ಸರಿಮಾಡಿಕೊಳ್ಳಲು ಬಗ್ಗಿದಳು. ಪ್ರಸನ್ನಕುಮಾರ್ ಜನರನ್ನು ಸರಿಸಿಕೊಂಡು ಬಂದು ಹಾಲಮ್ಮನ ಕಾಲು ಮುಟ್ಟಿದ. ಹಿಂದೆ ಸರಿಯಲು ಜಾಗವಿರಲಿಲ್ಲ. ಅವನ ತಲೆಯ ಮೇಲೆ ಕೈಯಿಟ್ಟಳು. ಪಾರ್ಕಿಂಗ್ ಕಡೆ ನೋಡುವಷ್ಟರಲ್ಲಿ ಮಧು ಬೆನ್ನು ತಿರುಗಿಸಿ ಬೈಕಿನ ಮೇಲಿನ ಧೂಳು ಒರೆಸುತ್ತಿದ್ದ. ಕವನಾಳ ಹಿಡಿತ ಸಡಿಲವಾಯಿತು.

"ಸಾರಿ ಅಮ್ಮ," ಮೈಕಿನ ಹುಡುಗಿ ಮತ್ತೆ ಬಂದಳು. "ಆಟೋ ಹಾರ್ನ್ ಜಾಸ್ತಿ ಆಯ್ತು, ಸರಿಯಾಗಿ ಬಂದಿಲ್ಲ. ಇನ್ನೊಂದ್ಸಲ ಹೇಳ್ತೀರಾ?"

ಹಾಲಮ್ಮ ಸೆರಗು ಸರಿಮಾಡಿಕೊಂಡಳು. ಕ್ಯಾಮೆರಾದ ಕೆಂಪು ದೀಪ ಹತ್ತುವವರೆಗೆ ಕಾದಳು. ಈ ಸಲ ಮಾತು ತಡವರಿಸಲಿಲ್ಲ. ಚೆನ್ನಾಗಿದೆ ಎಂದಳು. ಯಾರೂ ಕೇಳದಿದ್ದರೂ, ಇಂಟರ್ವಲ್ ಆದಮೇಲೂ ಚೆನ್ನಾಗಿದೆ, ಎಂದು ಸೇರಿಸಿದಳು.