ಟಾರ್ಪಾಲಿನಡಿಯ ಪಾಚಿ

ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪಿಂಗ್ ಶುರುವಾಗುವ ಮುಂಚೆ ನಮ್ಮ ಬಾಳೂರಿನ ಮನೆಯ ನೀರಿನ ತೊಟ್ಟಿ ತೊಳೆಯುವುದು ಅತ್ತೆಯ ಹಕ್ಕು. ಬೇರೆ ಯಾರು ಉಜ್ಜಿದರೂ ಅವರ ಲೆಕ್ಕಕ್ಕೆ ಅದು ಉಜ್ಜಿದ ಹಾಗಲ್ಲ. ಹೋದ ವರ್ಷ ಅದೇ ತೊಟ್ಟಿಯೊಳಗೆ ಪಾಚಿಯ ಮೇಲೆ ಜಾರಿ, ಸೊಂಟ ಹಿಡಿದು ಹದಿನೈದು ದಿನ ಮಲಗಿದರು. ಎದ್ದವರೇ ‘ಏನೂ ಆಗಿಲ್ಲ’ ಎಂದರು. ಈ ಸಲ ಅವರನ್ನು ಇಳಿಯಲು ಬಿಡಬಾರದೆಂದು ನಾನು ಹಟ ಹಿಡಿದೆ.

ಮೂಡಿಗೆರೆಯಲ್ಲಿ ಪಿಯು ಮಕ್ಕಳಿಗೆ ಜೀವಶಾಸ್ತ್ರ ಹೇಳಿಕೊಡುವವಳು ನಾನು. ಬಾಯಿಗೇನು ಬರ?

“ಟಾರ್ಪಾಲ್ ಮುಚ್ಚಿಬಿಡಿ ಅತ್ತೆ. ಬೆಳಕಿಲ್ಲ, ಗಾಳಿಯಿಲ್ಲ. ಮೂರು ದಿನಕ್ಕೆ ಪಾಚಿ ಉಸಿರುಕಟ್ಟಿ ಸಾಯತ್ತೆ. ಉಜ್ಜೋದೇ ಬೇಡ.”

ಅತ್ತೆ ಮರುಮಾತಿಲ್ಲದೆ ಟಾರ್ಪಾಲ್ ತಂದುಕೊಟ್ಟರು. ಆಗಲೇ ನನಗೆ ಅನುಮಾನ ಬರಬೇಕಿತ್ತು.

ನಾಲ್ಕನೇ ದಿನ ಸರಿಸಿದರೆ ಹುಳಿ ನಾತ. ನೀರು ಮಾತ್ರ ಹಚ್ಚಹಸಿರು. ಒಂದು ಬಾಟಲಿ ಕಾಲೇಜಿಗೆ ಒಯ್ದು ಮೈಕ್ರೋಸ್ಕೋಪಿನಲ್ಲಿ ನೋಡಿದೆ. ಒಂದೊಂದು ಪಾಚಿಗೂ ಮೈಯೆಲ್ಲ ಸೇರಿ ಒಂದೇ ಕೋಶ, ಅದಕ್ಕೆ ಎರಡು ಬಾಲ. ನನ್ನ ಪದವಿಯ ಮುಖಕ್ಕೇ ಬಾಲ ಆಡಿಸುತ್ತಾ ಓಡಾಡುತ್ತಿವೆ! ಮರ್ಯಾದೆ ಹೋದ ಮೇಲೆ ಓದಿದೆ. ಆಮ್ಲಜನಕ ಮುಗಿದರೆ ಇವು ಕೂಡಲೇ ಸಾಯುವುದಿಲ್ಲ. ಬಿಸಿಲಿದ್ದಾಗ ಕೂಡಿಟ್ಟ ಪಿಷ್ಟವನ್ನು ಒಳಗೇ ಹುಳಿಸಿ, ಅದರಿಂದ ಸಿಗುವ ಚೂರುಪಾರು ಶಕ್ತಿಯಲ್ಲಿ ದಿನ ದೂಡುತ್ತವೆ. ಹುಳಿ, ಮದ್ಯಸಾರ, ಒಂದಿಷ್ಟು ಹೈಡ್ರೋಜನ್ ಹೊರಗೆ ಬಿಡುತ್ತವೆ. ಹೀಗೆ ಹುಳಿಸುವ ಹುದುಗುವಿಕೆ ಎಂದರೆ ಯೀಸ್ಟಿನ ಕೆಲಸ ಮಾತ್ರ ಎಂದು ವರ್ಷವರ್ಷವೂ ಬೋರ್ಡಿನ ಮೇಲೆ ಬರೆದವಳು ನಾನು.

ಸಂಜೆ ಅತ್ತೆಗೆ ತಪ್ಪೊಪ್ಪಿಕೊಂಡೆ. ಅವರು ನಕ್ಕರು.

“ಲೋಳೆ ಬಿಡ್ಲಿ ಅಂತ ಪಲ್ಪ್ ಮಾಡಿದ ಬೀಜ ತೊಟ್ಟೀಲಿ ಹಾಕಿಡ್ತೀವಲ್ಲ, ಅದು ಸಾಯತ್ತಾ? ಹುಳಿ ಬರತ್ತೆ. ಇದೂ ಹಂಗೇ ಮಾರಾಯ್ತಿ. ನಂಗೆ ಗೊತ್ತಿತ್ತು.”

“ಗೊತ್ತಿದ್ರೆ ಮೊದಲೇ ಹೇಳಬಾರದಿತ್ತಾ?”

“ನಾಲ್ಕು ದಿನ ಸೊಂಟಕ್ಕೆ ರಜೆ ಸಿಕ್ತಲ್ಲ.”

ನನಗೆ ಸಿಟ್ಟೂ ಬಂತು, ಅಳುವೂ ಬಂತು. ವರ್ಷವಿಡೀ ನೋವು ನುಂಗಿಕೊಂಡು ಓಡಾಡಿದ್ದಾರೆ, ಒಂದೇ ಮನೆಯಲ್ಲಿದ್ದ ನನಗೆ ಗೊತ್ತೇ ಆಗಿರಲಿಲ್ಲ.

ಮರುದಿನ ನೀರು ಖಾಲಿ ಮಾಡಿ, ಸೀರೆ ಎತ್ತಿಕಟ್ಟಿ ನಾನೇ ಇಳಿದೆ. ಅತ್ತೆ ಕಟ್ಟೆಯ ಮೇಲೆ ಕೂತರು. ನಾನು ಉಜ್ಜಿದ್ದು ಅಧ್ವಾನವಾಗಿತ್ತು, ನನಗೇ ಕಾಣುತ್ತಿತ್ತು. ಬೈಗುಳಕ್ಕೆ ಕಾದೆ.

“ಆ ಮೂಲೇಲಿ ಹುಷಾರು. ನಾ ಜಾರಿದ್ದು ಅಲ್ಲೇ” ಎಂದರು, ಅಷ್ಟೇ.