ಚೂರಿ ಜಾರಿದ ಕೈ

ಉರ್ವ ಮಾರ್ಕೆಟ್ಟಿನಲ್ಲಿ ಮೀನು ಕತ್ತರಿಸಿ ಕೊಡುತ್ತಿದ್ದ ಅಕ್ಕ ಮಧ್ಯಾಹ್ನದ ಮೇಲೆ ಪತ್ತೇದಾರಿ ಕಾದಂಬರಿ ಬರೆಯುತ್ತಿದ್ದರು. “ದೂರ ನಿಲ್ಲಿ, ಚೂರಿ ಜಾರ್ತದೆ” ಎಂದು ಗಿರಾಕಿಗಳಿಗೆಲ್ಲ ಹೇಳುತ್ತಿದ್ದರು. ಪ್ರಕಾಶಕರಲ್ಲಿಗೆ ಅವರನ್ನು ನಾನೇ ಸ್ಕೂಟರಿನಲ್ಲಿ ಕರೆದೊಯ್ದೆ; ಬಸ್ಸಿನಲ್ಲಿ ಹೋದದ್ದು ಎನ್ನುತ್ತಿದ್ದರು ಅವರು. ಯಾರ ನೆನಪು ಸರಿಯೋ.

“ಇಷ್ಟು ರಕ್ತ ಹೆಂಗಸಿನ ಹೆಸರಲ್ಲಿ ಯಾರು ನಂಬ್ತಾರೆ? ಗಂಡನ ಹೆಸರು ಹಾಕುವ,” ಎಂದರು ಪ್ರಕಾಶಕರು, ಕಾದಂಬರಿಯ ಹಸ್ತಪ್ರತಿ ಮಗುಚುತ್ತ. “ಮತ್ತೆ ಇದೆಂತ, ಇರಿದವನ ಕೈಗೇ ಗಾಯ?”

“ಕೈ ಒದ್ದೆಯಾದ್ರೆ ಚೂರಿ ಜಾರ್ತದೆ ಮಾರಾಯ್ರೆ.” ಅಕ್ಕ ಅಂಗೈ ಬಿಚ್ಚಿ ಮೇಜಿನ ಮೇಲಿಟ್ಟರು. ಅದರ ತುಂಬ ಹಳೆಯ ಗಾಯದ ಗೆರೆಗಳು. “ಗಂಡನ ಕೈಯೂ ನೋಡಿ ಬೇಕಾದ್ರೆ. ಒಂದು ಗೀರು ಇಲ್ಲ.”

ಪ್ರಕಾಶಕರು ಆ ಕೈಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಪೆನ್ನು ತೆಗೆದರು.

“ನಿಮ್ಮ ಹೆಸರು ಪೂರ್ತಿ ಹೇಳಿ ಅಕ್ಕ. ಮುಖಪುಟಕ್ಕೆ.”